ತಳ ಹಿಡಿದ ಆಯ್ವಾರ್

"ಯಾರೇ ಅದು ಕಿಟಕಿ ತೆಗೆದಿದ್ದು?" ಅಜ್ಜಿ ಅಂಗಳದಿಂದಲೇ ಕೂಗಿದಳು. "ಹಿಂದಿನ ಬಾಗಿಲೂ ತೆಗೆದಿದೆ, ಮುಂದಿನ ಕಿಟಕಿಯೂ ತೆಗೆದಿದೆ! ಮನೆಮಂದಿಯನ್ನೆಲ್ಲ ಒಟ್ಟಿಗೆ ಆಸ್ಪತ್ರೆಗೆ ಸೇರಿಸ್ಬೇಕು ಅಂತಿದ್ದೀರಾ?"

"ಸೆಖೆ ಅಜ್ಜೀ!" ಬಿಸೆರಾ ಒಳಗಿನಿಂದ ಕೂಗಿದಳು.

"ಸೆಖೆಯಿಂದ ಯಾರಿಗೂ ಏನೂ ಆಗಲ್ಲ. ಪ್ರೊಮಾಯ ಹೊಡೆದ್ರೆ ಮಾತ್ರ ಕತೆ ಮುಗೀತು. ಮುಚ್ಚು!"

ಎದುರುಬದುರು ಎರಡು ಕಿಟಕಿ ತೆರೆದಾಗ ನಡುವೆ ಹಾದುಹೋಗುವ ಗಾಳಿಯೇ ಪ್ರೊಮಾಯ. ಸ್ತ್ರುಮಿತ್ಸಾ ಊರಿನ ಯಾವ ಅಜ್ಜಿಯನ್ನು ಬೇಕಾದರೂ ಕೇಳಿ, ಹಲ್ಲುನೋವು, ಕುತ್ತಿಗೆನೋವು, ಕಿವಿನೋವು ಎಲ್ಲವೂ ಬರುವುದು ಅದರಿಂದಲೇ. ಬಿಸೆರಾಳ ವೆಲಿಕಾ ಅಜ್ಜಿಯಂತೂ ಉಳಿದ ಅಜ್ಜಿಯರಿಗಿಂತ ಒಂದು ಹೆಜ್ಜೆ ಮುಂದೆ. ಹೋದ ವಾರ ಬಿಸೆರಾಗೆ ಗಣಿತದಲ್ಲಿ ಐದಕ್ಕೆ ಎರಡು ಬಂದಿತ್ತು. "ಮತ್ತೆ? ಕ್ಲಾಸಲ್ಲಿ ಕಿಟಕಿ ಪಕ್ಕ ಕೂರ್ತೀಯಲ್ಲ!" ಎಂದಿದ್ದಳು ಅಜ್ಜಿ.

ಬಿಸೆರಾ ಕಿಟಕಿ ಮುಚ್ಚಿ ಅಂಗಳಕ್ಕೆ ಓಡಿಬಂದಳು.

ಶನಿವಾರ. ಅಂಗಳವೆಲ್ಲ ಸುಟ್ಟ ಮೆಣಸಿನಕಾಯಿಯ ಘಮ. ಸೆಪ್ಟೆಂಬರ್ ಬಂತೆಂದರೆ ಬೀದಿಯ ಎಲ್ಲ ಮನೆಗಳಲ್ಲೂ ಇದೇ ಕೆಲಸ. ಕೆಂಪು ದೊಣ್ಣೆ ಮೆಣಸಿನಕಾಯಿಯನ್ನು ಮೂಟೆಗಟ್ಟಲೆ ತಂದು, ಕಬ್ಬಿಣದ ಒಲೆಯ ಮೇಲೆ ಕಪ್ಪಾಗುವ ತನಕ ಸುಟ್ಟು, ಸಿಪ್ಪೆ ಸುಲಿದು, ಬೀಜ ತೆಗೆಯಬೇಕು. ಮರುದಿನ ಅದನ್ನು ರುಬ್ಬಿ, ಎಣ್ಣೆ ಹಾಕಿ, ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕಲಕಿ ಕಲಕಿ ಆಯ್ವಾರ್ ಮಾಡಬೇಕು. ಚಳಿಗಾಲ ಪೂರ್ತಿ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವುದು ಅದನ್ನೇ.

ಅಪ್ಪ ಲಾರಿಯಲ್ಲಿ ಎಲೆಕೋಸು ತುಂಬಿಕೊಂಡು ಸ್ಲೊವೇನಿಯಾ ಕಡೆ ಹೋಗಿದ್ದ. ಅಮ್ಮ ಕೆಲಸ ಮಾಡುವ ಬಟ್ಟೆ ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರ್, ಹಾಗಾಗಿ ಶನಿವಾರ, ಭಾನುವಾರವೂ ರಜೆಯಿಲ್ಲ. ಸುಲಿಯಲು ಕೂತವರು ನಾಲ್ವರು: ಅಜ್ಜಿ, ಪಕ್ಕದ ಮನೆಯ ರೂಮೆನಾ ಅತ್ತೆ, ಬಿಸೆರಾ, ಅಕ್ಕ ದೆಸ್ಪಿನಾ.

ಬಿಸೆರಾಗೆ ಹತ್ತು ವರ್ಷ. ಐದನೇ ಕ್ಲಾಸು, ಹ್ಯಾಂಡ್‌ಬಾಲ್ ಟೀಮಿನ ಗೋಲ್‌ಕೀಪರ್. ಎಷ್ಟು ಜೋರಾಗಿ ಎಸೆದರೂ ಚೆಂಡಿಗೆ ಕಣ್ಣು ಮುಚ್ಚುವವಳಲ್ಲ. ದೆಸ್ಪಿನಾಗೆ ಹದಿನೈದು, ಇದೇ ತಿಂಗಳು ಹೈಸ್ಕೂಲು ಸೇರಿದ್ದಾಳೆ. ಮೊದಲೆಲ್ಲ ಸುಲಿಯಲು ಕೂತರೆ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಬೀದಿಯ ಒಬ್ಬೊಬ್ಬರ ನಡಿಗೆ, ದನಿ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಈಗ ಮಾತಿಲ್ಲ. ಕಪ್ಪು ಬಣ್ಣದ ದಪ್ಪ ಸ್ವೆಟ್‌ಶರ್ಟ್ ಹಾಕಿಕೊಂಡು, ತೋಳನ್ನು ಬೆರಳ ತನಕ ಎಳೆದುಕೊಂಡು ತಲೆ ಬಗ್ಗಿಸಿ ಕೂತಿದ್ದಳು.

"ಏನೇ ದೆಸ್ಪಿನಾ, ನಿಮ್ಮನೇಲಿ ಹಿಮ ಬೀಳ್ತಿದೆಯಾ?" ರೂಮೆನಾ ಅತ್ತೆ ನಕ್ಕರು. "ನಾನಿಲ್ಲಿ ಮೆಣಸಿನಕಾಯಿ ಜೊತೆ ನಾನೂ ಬೇಯ್ತಿದ್ದೀನಿ. ತೋಳಾದ್ರೂ ಮಡಚೇ!"

"ನಂಗೇನೂ ಸೆಖೆ ಇಲ್ಲ," ಅಂದಳು ದೆಸ್ಪಿನಾ.

"ಅವಳನ್ನ ಯಾಕೆ ಕೆಣಕ್ತೀಯ?" ಅಜ್ಜಿ ಮೊಮ್ಮಗಳ ಪರ ನಿಂತಳು. "ಪ್ರೊಮಾಯಕ್ಕೆ ಹೆದರಿ ಮೈತುಂಬ ಬಟ್ಟೆ ಹಾಕಿದ್ದಾಳೆ. ಜಾಣೆ! ಈ ಚಿಕ್ಕದನ್ನ ನೋಡು, ಬನಿಯನ್ನಲ್ಲೇ ಕುಣೀತಿದೆ."

"ನಾನು ಗೋಲ್‌ಕೀಪರ್ ಅಜ್ಜಿ. ಗಾಳೀನೂ ಹಿಡಿದು ವಾಪಸ್ ಎಸೀತೀನಿ," ಅಂದಳು ಬಿಸೆರಾ. ರೂಮೆನಾ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮಾತ್ರ ನಗಲಿಲ್ಲ.

ಬಿಸಿ ಮೆಣಸಿನಕಾಯಿಯ ಸಿಪ್ಪೆ ಎಳೆದಾಗ ರಸ ಬೆರಳಿನಿಂದ ಮೊಣಕೈ ತನಕ ಇಳಿಯುತ್ತದೆ. ಅಜ್ಜಿ ರುಚಿಗೆಂದು ಒಂದಿಷ್ಟು ಖಾರದ ಕಾಯಿಗಳನ್ನೂ ಸೇರಿಸಿದ್ದಳು. ಇದ್ದಕ್ಕಿದ್ದಂತೆ ದೆಸ್ಪಿನಾ "ಸ್ಸ್" ಎಂದು ತೋಳನ್ನು ಹಿಡಿದುಕೊಂಡು ಎದ್ದಳು. ಸುಲಿಯುತ್ತಿದ್ದ ಕಾಯಿ ನೆಲಕ್ಕೆ ಬಿತ್ತು. ಯಾರತ್ತಲೂ ನೋಡದೆ ಹಿತ್ತಲಿನ ನಲ್ಲಿಯತ್ತ ಓಡಿದಳು.

"ಖಾರದ್ದು ಸಿಕ್ತೇನೋ," ಅಂದಳು ಅಜ್ಜಿ. "ಬಿಸೆರಾ, ಸೋಪು ಕೊಟ್ಟು ಬಾ."

ಬಿಸೆರಾ ಸೋಪು ಹಿಡಿದು ಹೋದಳು. ನಲ್ಲಿ ಜೋರಾಗಿ ಸುರಿಯುತ್ತಿತ್ತು, ಅಕ್ಕನಿಗೆ ಹೆಜ್ಜೆಸದ್ದು ಕೇಳಲಿಲ್ಲ. ಅವಳು ಎಡತೋಳನ್ನು ಮೇಲಕ್ಕೆ ಸರಿಸಿ ನೀರಿಗೆ ಹಿಡಿದಿದ್ದಳು.

ತೋಳಿನ ತುಂಬ ಗಾಯದ ಗುರುತುಗಳು. ಕೆಲವು ಮಾಸಿದ್ದವು. ಕೆಲವು ಮಾಸಿರಲಿಲ್ಲ.

ಬಿಸೆರಾಳ ಕೈಯಿಂದ ಸೋಪು ಜಾರಿತು.

ದೆಸ್ಪಿನಾ ಗಕ್ಕನೆ ತಿರುಗಿ ತೋಳು ಎಳೆದುಕೊಂಡಳು. "ಏನು ನೋಡ್ತಿದ್ದೀಯ? ಹೋಗು!"

"ಯಾರು ಮಾಡಿದ್ದು?" ಅಂದಳು ಬಿಸೆರಾ. ಅವಳ ಮುಷ್ಟಿ ಆಗಲೇ ಬಿಗಿದಿತ್ತು. "ಹೆಸರು ಹೇಳು. ಹೈಸ್ಕೂಲಿನವರಾದ್ರೂ ಸರಿ, ನಾನು ಬಿಡಲ್ಲ."

"ಯಾರೂ ಇಲ್ಲ ಕಣೇ."

"ಮತ್ತೆ ಹೆಂಗೆ ಆಯ್ತು?"

ಅಕ್ಕ ನಲ್ಲಿ ನಿಲ್ಲಿಸಿದಳು. "ನಾನೇ," ಅಂದಳು.

ಬಿಸೆರಾಗೆ ಅರ್ಥವಾಗಲಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ಹೋಗಿ ಜಗಳವಾಡಬಹುದಿತ್ತು. ಅಕ್ಕನಿಗೆ ಅಕ್ಕನೇ ಗಾಯ ಮಾಡಿದ್ದರೆ ಯಾರ ಜೊತೆ ಜಗಳವಾಡುವುದು?

"ಯಾಕೆ?"

"ಗೊತ್ತಿಲ್ಲ. ಒಳಗೆ ಏನೇನೋ ತುಂಬ್ಕೊಳುತ್ತೆ. ಹೇಳೋಣ ಅಂದ್ರೆ ಮಾತೇ ಬರಲ್ಲ. ಫ್ರೆಂಡ್ಸ್ ಎಲ್ಲ ನನ್ನ ಗ್ರೂಪಿಂದ ತೆಗೆದುಹಾಕಿದ್ರು, ಅದೊಂದೇ ಅಲ್ಲ..." ಅಕ್ಕ ಅರ್ಧಕ್ಕೇ ನಿಲ್ಲಿಸಿದಳು.

"ಹಿಂಗೆ ಮಾಡ್ಕೊಂಡ್ರೆ ಸರಿಹೋಗುತ್ತಾ?"

"ಇಲ್ಲ," ಅಂದಳು ಅಕ್ಕ. "ಇನ್ನೂ ಜಾಸ್ತಿ ಆಗುತ್ತೆ. ಆಮೇಲೆ ಬಚ್ಚಿಡಬೇಕಲ್ಲ, ಅದು ಬೇರೆ."

ಅಂಗಳದಿಂದ ರೂಮೆನಾ ಅತ್ತೆಯ ನಗು ಕೇಳಿಸಿತು. ದೆಸ್ಪಿನಾ ತಂಗಿಯ ಭುಜ ಹಿಡಿದುಕೊಂಡಳು. "ಯಾರಿಗೂ ಹೇಳ್ಬೇಡ. ಅಮ್ಮಂಗೂ ಹೇಳ್ಬೇಡ, ಅಜ್ಜಿಗೂ ಬೇಡ. ಆಣೆ ಹಾಕು."

"ಅಕ್ಕಾ..."

"ಅಮ್ಮನಾಣೆ ಹಾಕು ಬಿಸೆರಾ! ಹೇಳಿದ್ರೆ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ."

ಅಕ್ಕ ಭುಜ ಬಿಡಲಿಲ್ಲ. "ಅಮ್ಮನಾಣೆ," ಅಂದುಬಿಟ್ಟಳು ಬಿಸೆರಾ.

ಗುಟ್ಟು ಕಾಯುವುದರಲ್ಲಿ ಬಿಸೆರಾಗೆ ಒಳ್ಳೆಯ ಹೆಸರಿತ್ತು. ಟೀಮಿನಲ್ಲಿ ಯಾರಿಗೆ ಯಾರ ಮೇಲೆ ಕೋಪ, ಯಾರು ಅಮ್ಮನ ಸಹಿ ತಾವೇ ಹಾಕಿದ್ದು, ಎಲ್ಲವೂ ಅವಳ ಹೊಟ್ಟೆಯಲ್ಲಿ ಭದ್ರವಾಗಿದ್ದವು. ಅವು ಯಾವುವೂ ಅವಳಿಗೆ ಭಾರ ಅನ್ನಿಸಿರಲಿಲ್ಲ. ಈ ಗುಟ್ಟು ಮಾತ್ರ ಮಧ್ಯಾಹ್ನದ ಊಟವನ್ನೂ ಒಳಗೆ ಬಿಡಲಿಲ್ಲ.

ನೇರವಾಗಿ ಹೇಳಿದರೆ ತಾನೇ ಆಣೆ ಮುರಿಯುವುದು? ಅಡ್ಡದಾರಿಯಲ್ಲಿ ಹೇಳಿನೋಡೋಣ ಅಂದುಕೊಂಡಳು. ಸಂಜೆ ಅಜ್ಜಿ ಪಾತ್ರೆ ಉಜ್ಜುತ್ತಿದ್ದಾಗ ಹತ್ತಿರ ಹೋಗಿ ನಿಂತಳು.

"ಅಜ್ಜಿ, ಅಕ್ಕಂಗೆ ಹುಷಾರಿಲ್ಲ ಅನ್ಸುತ್ತೆ."

"ನಂಗೆ ಗೊತ್ತಿಲ್ವಾ?" ಅಂದಳು ಅಜ್ಜಿ. "ಊಟ ಸೇರಲ್ಲ, ಮಾತಿಲ್ಲ, ಮುಖ ನೋಡು ಹಾಲಿನ ಥರ ಬಿಳುಚಿಕೊಂಡಿದೆ. ಆ ಹೈಸ್ಕೂಲಿನ ಕಾರಿಡಾರು ನೋಡಿದ್ದೀಯಾ? ಎರಡೂ ಕಡೆ ಬಾಗಿಲು. ಪ್ರೊಮಾಯ ಹೊಡೀದೆ ಇನ್ನೇನು!"

"ಅದಲ್ಲ ಅಜ್ಜಿ..."

ಅಜ್ಜಿ ಆಗಲೇ ಕೈ ಒರೆಸಿಕೊಂಡು ರಾಕಿಯಾ ಬಾಟಲಿ ಹುಡುಕಲು ಹೊರಟಿದ್ದಳು. ಐದು ನಿಮಿಷದಲ್ಲಿ ದೆಸ್ಪಿನಾಳ ಕುತ್ತಿಗೆಗೆ ಹೆಂಡದ ತಿಕ್ಕು ಬಿತ್ತು, ಅದರ ಮೇಲೆ ಉಣ್ಣೆಯ ಶಾಲು. "ಅಲ್ಲಾಡ್ಬೇಡ ಕೂಸೇ, ಬೆಳಗ್ಗೆ ಅನ್ನೋದ್ರೊಳಗೆ ಗಾಳಿಯೆಲ್ಲ ಇಳಿದುಹೋಗುತ್ತೆ."

ಅಜ್ಜಿ ಆಚೆ ಹೋದ ಕೂಡಲೇ ಶಾಲಿನೊಳಗಿಂದ ಅಕ್ಕ ಬಿಸೆರಾಳನ್ನು ದುರುಗುಟ್ಟಿಕೊಂಡು ನೋಡಿದಳು. "ಏನು ಹೇಳಿದೆ ಅವಳಿಗೆ?"

"ಏನೂ ಇಲ್ಲ."

ನಿಜವಾಗಿಯೂ ಏನೂ ಹೇಳಿದಂತೆ ಆಗಿರಲಿಲ್ಲ.

ಅಮ್ಮ ಮನೆಗೆ ಬಂದಾಗ ಏಳು ಗಂಟೆ. ಚಪ್ಪಲಿ ಬಿಚ್ಚುವ ಮೊದಲೇ ಕುರ್ಚಿಯಲ್ಲಿ ಕೂತು ಕಣ್ಣುಮುಚ್ಚಿದಳು. ಇಡೀ ದಿನ ಹೊಲಿದ ಬಟ್ಟೆಯ ನೀಲಿ ಬಣ್ಣ ಅವಳ ಬೆರಳಿಗೆ ಹತ್ತಿತ್ತು. "ಅಮ್ಮಾ, ಒಂದು ಮಾತು," ಅಂದಳು ಬಿಸೆರಾ. "ನಾಳೆ ಹೇಳು ಚಿನ್ನ," ಅಂದಳು ಅಮ್ಮ, ಕಣ್ಣು ತೆರೆಯದೆ.

ಹಾಗಾದರೆ ನಾನೇ ಕಾಯುತ್ತೇನೆ ಎಂದುಕೊಂಡಳು ಬಿಸೆರಾ. ಗೋಲು ಕಾಯುವವಳಿಗೆ ಅಕ್ಕನನ್ನು ಕಾಯುವುದು ಕಷ್ಟವೇ?

ಭಾನುವಾರ ಬೆಳಗ್ಗೆಯಿಂದಲೇ ಕಾವಲು ಶುರುವಾಯಿತು. ಅಕ್ಕ ಅಡುಗೆಮನೆಗೆ ಹೋದರೆ ಬಿಸೆರಾಗೂ ಬಾಯಾರಿಕೆ. ಅಕ್ಕ ರೂಮಿಗೆ ಹೋದರೆ ಬಿಸೆರಾಗೂ ಅಲ್ಲೇ ಹೋಂವರ್ಕ್. ಅಕ್ಕ ಬಾತ್‌ರೂಮಿಗೆ ಹೋದಾಗ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಅಕ್ಕಾ, ಆಯ್ತಾ?"

"ಹೋಗೇ!"

"ಅರ್ಜೆಂಟು!"

"ಹಿತ್ತಲಲ್ಲಿ ಇನ್ನೊಂದಿದೆ, ಅಲ್ಲಿಗೆ ಹೋಗು!"

"ಅಲ್ಲಿ ಜೇಡ ಇದೆ!"

ಬಾಗಿಲು ಧಡಾರನೆ ತೆರೆಯಿತು. ಬಿಸೆರಾ ಹಿಮ್ಮುಖವಾಗಿ ಒಳಗೆ ಬಿದ್ದಳು. ಅಕ್ಕ ಅವಳನ್ನು ದಾಟಿಕೊಂಡು ಹೋದಳು. "ನನ್ನನ್ನ ಕಾಯೋಕೆ ಯಾರು ಹೇಳಿದ್ರು ನಿಂಗೆ?"

ಬಿಸೆರಾ ನೆಲದ ಮೇಲೆ ಮಲಗಿಕೊಂಡೇ ಯೋಚಿಸಿದಳು. ಇವತ್ತೇನೋ ಭಾನುವಾರ. ನಾಳೆ? ಅಕ್ಕನ ಹೈಸ್ಕೂಲು ಊರಿನ ಆ ತುದಿಗೆ, ತನ್ನ ಸ್ಕೂಲು ಈ ತುದಿಗೆ. ಹೋದ ವರ್ಷದ ಮ್ಯಾಚೊಂದು ನೆನಪಾಯಿತು. ಡಿಫೆನ್ಸಿನ ಹುಡುಗಿಯರಿಬ್ಬರಿಗೆ ಜ್ವರ. "ಪರವಾಗಿಲ್ಲ, ನಾನಿದ್ದೀನಿ," ಎಂದು ಬಿಸೆರಾ ಎದೆ ತಟ್ಟಿಕೊಂಡಿದ್ದಳು. ಇಪ್ಪತ್ತೆರಡು ಗೋಲು ಬಿದ್ದಿದ್ದವು. ಅವಳು ಒಂದು ಚೆಂಡಿಗೂ ಕಣ್ಣು ಮುಚ್ಚಿರಲಿಲ್ಲ. ಆದರೂ ಇಪ್ಪತ್ತೆರಡು.

ಅವಳು ಎದ್ದು ಅಂಗಳಕ್ಕೆ ಹೋದಳು.

ಒಲೆಯ ಮೇಲೆ ಬಿಸೆರಾಳೇ ಕೂರಬಹುದಾದಷ್ಟು ದೊಡ್ಡ ಪಾತ್ರೆ. ಒಳಗೆ ಆಯ್ವಾರ್ ಕೆಂಪಗೆ ಬುಳುಬುಳು ಅನ್ನುತ್ತಿತ್ತು. ಅಜ್ಜಿ ಉದ್ದನೆಯ ಮರದ ಸೌಟಿನಿಂದ ಒಂದೇ ಸಮನೆ ಕಲಕುತ್ತಿದ್ದಳು. ತಳಮುಟ್ಟ ಕಲಕಬೇಕು, ನಿಲ್ಲಿಸಲೇಬಾರದು. ಒಂದು ನಿಮಿಷ ಬಿಟ್ಟರೂ ತಳ ಹಿಡಿಯುತ್ತದೆ, ತಳ ಹಿಡಿದರೆ ಪಾತ್ರೆಯೆಲ್ಲ ಸೀದ ವಾಸನೆ. ನಲವತ್ತು ವರ್ಷದಲ್ಲಿ ವೆಲಿಕಾ ಅಜ್ಜಿಯ ಆಯ್ವಾರ್ ಒಮ್ಮೆಯೂ ಸೀದಿರಲಿಲ್ಲ. ಭೂಕಂಪ ಆದ ದಿನವೂ ಸೌಟು ಬಿಟ್ಟಿರಲಿಲ್ಲವಂತೆ. ಹಾಗಂತ ಅವಳೇ ಹೇಳಿಕೊಳ್ಳುತ್ತಿದ್ದಳು.

ರೂಮೆನಾ ಅತ್ತೆ ಖಾಲಿ ಸೀಸೆಗಳನ್ನು ತರಲು ಮನೆಗೆ ಹೋಗಿದ್ದರು.

"ಅಜ್ಜಿ, ಅಕ್ಕಂಗೆ ಪ್ರೊಮಾಯ ಹೊಡೆದಿಲ್ಲ."

"ಓಹೋ, ಡಾಕ್ಟರಮ್ಮ ಬಂದ್ಲು."

"ನಿಜವಾಗ್ಲೂ ಅಜ್ಜಿ. ಕೇಳು."

"ಕೇಳ್ತಾನೇ ಇದ್ದೀನಿ. ಸ್ವಲ್ಪ ಆ ಕಡೆ ಸರಿ, ಸಿಡಿಯುತ್ತೆ."

ಬಿಸೆರಾ ಸರಿಯಲಿಲ್ಲ. ಚೆಂಡು ಬರುವಾಗ ನಿಲ್ಲುವಂತೆ ಕಾಲು ಅಗಲಿಸಿ ನಿಂತಳು. ಇನ್ನು ಅಡ್ಡದಾರಿ ಬೇಡ ಅಂದುಕೊಂಡಳು.

"ಅಕ್ಕ ತನ್ನ ಕೈಗೆ ತಾನೇ ಗಾಯ ಮಾಡ್ಕೊಳ್ತಿದ್ದಾಳೆ. ಅದಕ್ಕೇ ತೋಳು ಮುಚ್ಚಿಕೊಂಡಿರೋದು. ನಾನು ಕಣ್ಣಾರೆ ನೋಡಿದೆ."

ಸೌಟು ನಿಂತಿತು. ಮತ್ತೆ ಒಂದು ಸುತ್ತು ಬಂತು. ಮತ್ತೆ ನಿಂತಿತು.

"ಏನಂದೆ?"

"ಯಾರಿಗೂ ಹೇಳಲ್ಲ ಅಂತ ಅಮ್ಮನಾಣೆ ಹಾಕಿದ್ದೆ," ಅಂದಳು ಬಿಸೆರಾ. ಅಲ್ಲಿಯವರೆಗೂ ಗಟ್ಟಿಯಾಗಿದ್ದ ದನಿ ಈಗ ಒಡೆಯಿತು. "ನಾನೇ ಕಾಯೋಣ ಅಂದ್ಕೊಂಡೆ. ಆದ್ರೆ ನಾಳೆ ಸೋಮವಾರ ಅಜ್ಜಿ. ನಂಗೆ ಸ್ಕೂಲಿದೆ."

ಅಜ್ಜಿ ಬಿಸೆರಾಳ ಮುಖವನ್ನೇ ನೋಡಿದಳು. ಆಮೇಲೆ ಸೌಟನ್ನು ಪಾತ್ರೆಯಿಂದ ಎತ್ತಿ ಮುಚ್ಚಳದ ಮೇಲೆ ಇಟ್ಟಳು.

"ಅಜ್ಜಿ! ತಳ ಹಿಡಿಯುತ್ತೆ!"

"ಹಿಡೀಲಿ," ಅಂದಳು ಅಜ್ಜಿ.

ಮೊಣಕಾಲು ನೋವಿನ ಅಜ್ಜಿ ಅಷ್ಟು ಬೇಗ ಮೆಟ್ಟಿಲು ಹತ್ತಿದ್ದನ್ನು ಬಿಸೆರಾ ಎಂದೂ ನೋಡಿರಲಿಲ್ಲ. ಅವಳೂ ಹಿಂದೆಯೇ ಓಡಿದಳು. ಅಜ್ಜಿ ಈಗ ಕೂಗಾಡುತ್ತಾಳೆ, ತೋಳು ಹಿಡಿದು ಎಳೆದು "ತೋರಿಸು" ಅನ್ನುತ್ತಾಳೆ ಎಂದುಕೊಂಡಳು.

ಅಜ್ಜಿ ಕೂಗಲಿಲ್ಲ. ಬಾಗಿಲು ತಟ್ಟಿದಳು. ಸ್ವಂತ ಮನೆಯಲ್ಲಿ ಅಜ್ಜಿ ಬಾಗಿಲು ತಟ್ಟಿದ್ದು ಅದೇ ಮೊದಲು. ಒಳಗೆ ಹೋಗಿ ಮಂಚದ ತುದಿಗೆ ಕೂತು, ಕೆಂಪು ಹತ್ತಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಿನ್ನ ತಂಗಿ ನಂಗೆ ಹೇಳಿದ್ಲು," ಅಂದಳು ಮೆಲ್ಲಗೆ.

ದೆಸ್ಪಿನಾ ಬಾಗಿಲಲ್ಲಿ ನಿಂತಿದ್ದ ಬಿಸೆರಾಳನ್ನು ನೋಡಿದಳು. ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. "ಚಾಡಿಕೋರಿ! ಆಣೆ ಹಾಕಿದ್ದೆ! ಹೋಗು ಇಲ್ಲಿಂದ!"

"ಅವಳ ಮೇಲೆ ಆಮೇಲೆ ಸಿಟ್ಟು ಮಾಡ್ಕೊ, ಯಾರೂ ಬೇಡ ಅನ್ನಲ್ಲ," ಅಂದಳು ಅಜ್ಜಿ. "ಮೊದಲು ನನ್ನ ಮೇಲೆ ಮಾಡ್ಕೊ. ಇಷ್ಟು ದಿನ ನಾನು ಕಿಟಕಿ ಮುಚ್ಚಿದ್ದೇ ಮುಚ್ಚಿದ್ದು. ಒಂದು ಸಲ ನಿನ್ನ ಮುಖ ಸರಿಯಾಗಿ ನೋಡಿದ್ನಾ?"

"ನಾನು ಹುಚ್ಚಿ ಅಲ್ಲ," ಅಂದಳು ದೆಸ್ಪಿನಾ.

"ಹುಚ್ಚಿ ಅಂತ ಯಾರಂದ್ರು? ನೋವಾದವರನ್ನ ಹುಚ್ಚಿ ಅಂತಾರೇನೇ ಕೂಸೇ?"

ಅಕ್ಕ ದಿಂಬಿಗೆ ಮುಖ ಒತ್ತಿಕೊಂಡಳು. ಅಜ್ಜಿ ತೋಳು ತೋರಿಸು ಅನ್ನಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಬೆನ್ನ ಮೇಲೆ ಕೈ ಇಟ್ಟು ಸುಮ್ಮನೆ ಕೂತಳು. ಬಹಳ ಹೊತ್ತಾದ ಮೇಲೆ ಬಿಸೆರಾಳತ್ತ ತಿರುಗಿ, "ನನ್ನ ಫೋನು ತಗೊಂಡು ಬಾ. ನಿಮ್ಮಮ್ಮನ್ನ ಕರೀಬೇಕು," ಅಂದಳು.

"ಫ್ಯಾಕ್ಟರೀಲಿ ಬಿಡಲ್ಲ ಅಜ್ಜಿ. ಅರ್ಜೆಂಟ್ ಆರ್ಡರ್."

"ಇದಕ್ಕಿಂತ ಅರ್ಜೆಂಟ್ ಯಾವುದಿದೆ? ತಾ."

ಫೋನು ಕೊಟ್ಟು ಬಿಸೆರಾ ಅಂಗಳಕ್ಕೆ ಓಡಿದಳು. ಕಪ್ಪು ಹೊಗೆ. ಮೂಗಿಗೆ ಸೀದ ವಾಸನೆ. ಅವಳು ಎರಡೂ ಕೈಯಿಂದ ಸೌಟು ಹಿಡಿದು ತಳ ಕೆರೆಯಲು ನೋಡಿದಳು. ಕಪ್ಪು ಕಪ್ಪು ತುಂಡುಗಳು ಮೇಲೆ ಬಂದವು.

ಅಷ್ಟರಲ್ಲಿ ಸೀಸೆಗಳ ಬುಟ್ಟಿ ಹೊತ್ತು ರೂಮೆನಾ ಅತ್ತೆ ಬಂದರು. "ಅಯ್ಯಯ್ಯೋ! ವೆಲಿಕಕ್ಕನ ಆಯ್ವಾರ್ ಸೀದುಹೋಯ್ತು! ಎಲ್ಲಿ ಅವರು? ಏನಾಯ್ತು?"

ಅಜ್ಜಿ ಮೆಟ್ಟಿಲಿಳಿದು ಬರುತ್ತಿದ್ದಳು. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, ಸೊಂಟದ ಮೇಲೆ ಕೈ ಇಟ್ಟಳು.

"ಏನಾಗೋದು? ಒಲೆಗೆ ಪ್ರೊಮಾಯ ಹೊಡೀತು."

"ಒಲೆಗೆ?"

"ಒಲೆಗೆ. ಯಾಕೆ, ಒಲೆಗೆ ಹೊಡೀಬಾರ್ದಾ?"

ರೂಮೆನಾ ಅತ್ತೆ ಮೊದಲು ಕಣ್ಣರಳಿಸಿದರು, ಆಮೇಲೆ ನಗಲಾರಂಭಿಸಿದರು. ಅವರ ನಗು ನಿಲ್ಲಲೇ ಇಲ್ಲ. ಸಂಜೆಯೊಳಗೆ ಈ ಸುದ್ದಿ ಬೀದಿಯ ಕೊನೆಯ ಮನೆಗೂ ಮುಟ್ಟುತ್ತದೆ ಎಂದು ಬಿಸೆರಾಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು.

ಅತ್ತೆ ಹೋದ ಮೇಲೆ ಬಿಸೆರಾ ಕೇಳಿದಳು, "ಎಲ್ಲರೂ ನಿನ್ನನ್ನ ಆಡ್ಕೊಳ್ತಾರೆ ಅಜ್ಜಿ. ನಿಜ ಯಾಕೆ ಹೇಳಲಿಲ್ಲ?"

"ಅದು ರೂಮೆನಾಗೆ ಬೇಕಾದ ಮಾತಲ್ಲ. ಅವಳ ಕೈಲಿ ಏನಾಗುತ್ತೆ? ಪಾಪ, ಬೀದಿಗೆಲ್ಲ ಹಂಚೋದು ಬಿಟ್ಟು." ಅಜ್ಜಿ ಸೌಟು ತೊಳೆಯುತ್ತಿದ್ದಳು. "ಆಡ್ಕೊಂಡ್ರೆ ಆಡ್ಕೊಳ್ಳಲಿ ಬಿಡು."

ಅಮ್ಮ ಅರ್ಧ ಗಂಟೆಯಲ್ಲಿ ಬಂದಳು. ಫ್ಯಾಕ್ಟರಿಯ ಏಪ್ರನ್ ಇನ್ನೂ ಮೈಮೇಲೇ ಇತ್ತು. ಅವಳೂ ಅಕ್ಕನ ರೂಮಿನಲ್ಲಿ ತುಂಬ ಹೊತ್ತು ಇದ್ದಳು. ಮುಚ್ಚಿದ ಬಾಗಿಲಿನಾಚೆ ಮೊದಲು ಅಳು, ಆಮೇಲೆ ಮೆಲುಮಾತು ಕೇಳಿಸಿತು.

"ನಾಳೆ ನಿಮ್ಮ ಸ್ಕೂಲಿನ ಸೈಕಾಲಜಿಸ್ಟ್ ಮೇಡಂ ಹತ್ರ ಹೋಗೋಣ. ಡಾಕ್ಟ್ರ ಹತ್ರಾನೂ ಹೋಗೋಣ."

"ಎಲ್ಲರೂ ನೋಡ್ತಾರೆ ಅಮ್ಮಾ."

"ನಾನೂ ಬರ್ತೀನಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ನೋಡೋರು ನನ್ನನ್ನ ನೋಡಲಿ."

ಬಿಸೆರಾ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಅಮ್ಮ ಹೊರಗೆ ಬಂದವಳೇ ಅವಳನ್ನು ಎಳೆದು ಅಪ್ಪಿಕೊಂಡಳು. ಅಮ್ಮನ ಏಪ್ರನ್ನಿನಲ್ಲಿ ಹೊಸ ಬಟ್ಟೆಯ ವಾಸನೆ.

"ನಿನ್ನೆ ನೀನು ಹೇಳೋಕೆ ಬಂದಿದ್ದೆ. ನಾನು ನಾಳೆ ಅಂದುಬಿಟ್ಟೆ," ಅಂದಳು ಅಮ್ಮ.

"ಆಣೆ ಮುರಿದೆ ಅಮ್ಮ. ನಿನ್ನ ಮೇಲೇ ಹಾಕಿದ್ದು."

"ನಂಗೇನಾಗಿದೆ? ನೋಡು, ಗುಂಡುಕಲ್ಲಿನ ಥರ ಇದ್ದೀನಿ." ಅಮ್ಮ ಅವಳ ಮೂಗು ಒರೆಸಿದಳು. "ಇನ್ಮೇಲೆ ಅಕ್ಕನ್ನ ಕಾಯೋದು ನಮ್ಮ ಕೆಲಸ. ನಂದು, ಅಜ್ಜೀದು, ಅಪ್ಪಂದು. ಬಾತ್‌ರೂಮ್ ಬಾಗಿಲಲ್ಲಿ ನೀನು ಕೂರ್ಬೇಡ. ತಂಗಿಯಾಗಿರು, ಸಾಕು."

ಆದರೆ ತಂಗಿಯಾಗಿರುವುದೇ ಕಷ್ಟವಾಯಿತು. ದೆಸ್ಪಿನಾ ಮಾತು ಬಿಟ್ಟಳು.

ಒಂದೇ ರೂಮು, ಎರಡು ಮಂಚ. ಬಿಸೆರಾ "ಗುಡ್ ಮಾರ್ನಿಂಗ್" ಅಂದರೆ ಅಕ್ಕ ಗೋಡೆಗೆ ತಿರುಗುವಳು. ಊಟದ ಮೇಜಿನಲ್ಲಿ ಉಪ್ಪು ಬೇಕಾದರೆ, "ಅಜ್ಜಿ, ಉಪ್ಪು ಕೊಡೋಕೆ ಹೇಳು," ಅನ್ನುವಳು, ಉಪ್ಪು ಬಿಸೆರಾಳ ಕೈಯಲ್ಲೇ ಇದ್ದರೂ. ಅಜ್ಜಿ ನಡುವೆ ಕೂತು ಎರಡೂ ಕಡೆಯ ಸಂದೇಶ ಮುಟ್ಟಿಸಿ ಮುಟ್ಟಿಸಿ, "ನಾನೇನು ಪೋಸ್ಟ್ ಆಫೀಸಾ?" ಎಂದು ರೇಗುವಳು. ಬ್ರೆಡ್ಡಿಗೆ ಹಚ್ಚಲು ಸೀದ ಆಯ್ವಾರೇ ಇತ್ತು. ಯಾರೂ ಅದರ ಬಗ್ಗೆ ಚಕಾರ ಎತ್ತಲಿಲ್ಲ. ಬೀದಿಯವರು ಮಾತ್ರ ಅಜ್ಜಿ ಕಂಡಾಗಲೆಲ್ಲ, "ಒಲೆಗೆ ಶಾಲು ಹೊದಿಸಿದ್ರಾ ವೆಲಿಕಕ್ಕಾ?" ಎಂದು ಕೇಳುತ್ತಲೇ ಇದ್ದರು.

ಅಕ್ಕ ಆ ಮೇಡಂ ಹತ್ತಿರ ಹೋಗಿಬಂದಳು. ಎರಡನೇ ಸಲ ಹೋಗಿಬಂದಳು. ಅಪ್ಪ ಸ್ಲೊವೇನಿಯಾದಿಂದ ವಾಪಸಾಗಿ ಅವಳನ್ನು ಲಾರಿಯಲ್ಲಿ ಕೂರಿಸಿಕೊಂಡು ಸುಮ್ಮನೆ ಊರು ಸುತ್ತಿಸಿದ. ಒಂದು ದಿನ ಚೆನ್ನಾಗಿರುತ್ತಿದ್ದಳು, ಮಾರನೇ ದಿನ ಮತ್ತೆ ಮುಸುಕು. ಕಪ್ಪು ಸ್ವೆಟ್‌ಶರ್ಟ್ ಇನ್ನೂ ಮೈಮೇಲೆಯೇ ಇತ್ತು.

ಹತ್ತು ದಿನವಾಯಿತು. ಜನ್ಮದಲ್ಲಿ ಮಾತಾಡಲ್ಲ ಅಂದಿದ್ದಳಲ್ಲ, ಜನ್ಮ ಅಂದರೆ ಎಷ್ಟು ಉದ್ದ ಎಂದು ಬಿಸೆರಾ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ಬುಧವಾರ ಬೆಳಗ್ಗೆ ಸ್ಕೂಲಿನಲ್ಲಿ ಟೀಮಿನ ಫೋಟೋ ಇತ್ತು. ಕೂದಲು ಹೆಣೆದುಕೊಂಡು ಬನ್ನಿ ಎಂದು ಕೋಚ್ ಹೇಳಿದ್ದರು. ಅಮ್ಮ ಶಿಫ್ಟಿಗೆ ಹೋಗಿದ್ದಳು, ಅಜ್ಜಿ ಮಾರ್ಕೆಟ್ಟಿಗೆ. ಕನ್ನಡಿ ಮುಂದೆ ಬಿಸೆರಾ ಕೂದಲಿನ ಜೊತೆ ಗುದ್ದಾಡುತ್ತಿದ್ದಳು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಬಾಚಣಿಗೆ ಸಿಕ್ಕಿಹಾಕಿಕೊಂಡಿತು.

ಹಿಂದಿನಿಂದ ಒಂದು ಕೈ ಬಂದು ಬಾಚಣಿಗೆ ಬಿಡಿಸಿತು.

"ಅಲ್ಲಾಡ್ಬೇಡ," ಅಂದಳು ದೆಸ್ಪಿನಾ.

ಅಕ್ಕ ನೆತ್ತಿಯಿಂದ ಬೈತಲೆ ತೆಗೆದಳು. ಒಂದು ಕಡೆಯ ಕೂದಲನ್ನು ಮೂರು ಎಳೆ ಮಾಡಿ, ಬೇಕೆಂದೇ ಸ್ವಲ್ಪ ಜೋರಾಗಿ ಎಳೆದಳು.

"ಚಾಡಿಕೋರಿ."

"ಹೂಂ."

"ಆಣೆ ಹಾಕಿದ್ದೆ."

"ಹೂಂ."

ಎಳೆಗಳು ಒಂದರ ಮೇಲೊಂದು ಬಂದವು. ಅಕ್ಕ ಕೇಳಿದಳು, "ಮತ್ತೆ ಯಾವತ್ತಾದ್ರೂ ಹಂಗೆ ಆದ್ರೆ? ಯಾರಿಗೂ ಹೇಳ್ಬೇಡ ಅಂತ ನಾನು ಕಾಲು ಹಿಡ್ಕೊಂಡ್ರೆ?"

ಹೇಳಲ್ಲ ಅಂದರೆ ಮುಗಿಯಿತು. ಒಂದೇ ಒಂದು ಮಾತು. ಅಕ್ಕ ಮೊದಲಿನಂತೆ ಆಗಿಬಿಡಬಹುದು. ಹತ್ತು ದಿನದಿಂದ ಬಿಸೆರಾ ಕಾಯುತ್ತಿದ್ದುದು ಅದಕ್ಕೇ ಅಲ್ಲವೇ? ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು.

"ಹೇಳ್ತೀನಿ," ಅಂದಳು ಬಿಸೆರಾ. "ಅಮ್ಮಂಗೆ ಹೇಳ್ತೀನಿ. ಅವಳು ನಾಳೆ ಅಂದ್ರೆ ಅಜ್ಜಿಗೆ ಹೇಳ್ತೀನಿ. ಎಷ್ಟು ಸಲ ಆದ್ರೂ ಹೇಳ್ತೀನಿ."

ಕೂದಲಲ್ಲಿ ಅಕ್ಕನ ಕೈ ನಿಂತಿತು.

ಬಿಸೆರಾ ಕನ್ನಡಿಯಲ್ಲಿ ನೋಡಲಿಲ್ಲ. ಅರ್ಧ ಹೆಣೆದ ಜಡೆಯನ್ನು ಬಿಟ್ಟು ಅಕ್ಕ ಈಗ ಹೊರಟುಹೋಗುತ್ತಾಳೆ ಎಂದು ಕಾದಳು. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅದರ ಸದ್ದು ತಿರುವಿನಾಚೆ ಕರಗುವ ತನಕ ಇಬ್ಬರೂ ಅಲುಗಲಿಲ್ಲ.

ಆಮೇಲೆ ಕೈ ಮತ್ತೆ ಹೆಣೆಯತೊಡಗಿತು.

"ಇವತ್ತೂ ಆ ಮೇಡಂ ಹತ್ರ ಹೋಗ್ಬೇಕು," ಅಂದಳು ದೆಸ್ಪಿನಾ.

"ಹೆಂಗಿದ್ದಾರೆ?"

"ಪರವಾಗಿಲ್ಲ. ಜಾಸ್ತಿ ಮಾತಾಡಲ್ಲ. ನಾನು ಹೇಳೋ ತನಕ ಕಾಯ್ತಾರೆ." ಅಕ್ಕ ಜಡೆಯ ತುದಿಗೆ ರಬ್ಬರ್ ಬ್ಯಾಂಡು ಸುತ್ತಿದಳು. "ನಿನ್ನ ಥರ ಬಾಗಿಲು ಬಡಿದು ಅರ್ಜೆಂಟ್ ಅನ್ನಲ್ಲ."

ಬಿಸೆರಾಗೆ ನಗು ತಡೆಯಲಾಗಲಿಲ್ಲ.

"ಅಲ್ಲಾಡ್ಬೇಡ ಅಂದೆ! ಇನ್ನೊಂದು ಕಡೆ ಬಾಕಿ ಇದೆ."

ಜಡೆ ಎಷ್ಟು ಬಿಗಿಯಾಗಿತ್ತೆಂದರೆ ಬಿಸೆರಾಳ ಹುಬ್ಬುಗಳೂ ಮೇಲಕ್ಕೆ ಹೋಗಿದ್ದವು. ಸಡಿಲ ಮಾಡು ಅಂತ ಅವಳು ಹೇಳಲಿಲ್ಲ. ಅಕ್ಕ ಆಗ ಕೇಳಿದ್ದು ಬೈಯುವುದಕ್ಕಲ್ಲ, 'ಹೇಳ್ತೀನಿ' ಅನ್ನುವ ಉತ್ತರವೇ ಬರಲಿ ಅಂತ ಕೇಳಿದ್ದು ಎಂದು ಅವಳಿಗೆ ಈಗ ಗೊತ್ತಿತ್ತು. ಅವಳು ತಲೆ ನೆಟ್ಟಗೆ ಹಿಡಿದು, ಇನ್ನೊಂದು ಕಡೆಯ ಕೂದಲನ್ನು ಅಕ್ಕನ ಕೈಗೆ ಕೊಟ್ಟಳು.